ಹೆಗಲಿಗೆ ಹಗುರ, ಅಂಗಳಕ್ಕೆ ಸಾಕು: ಮಲೆನಾಡಿನ ಕಾರ್ಯಕ್ರಮಗಳಿಗೆ ಯಾವ ಕೀಬೋರ್ಡ್, ಯಾವ ಸ್ಪೀಕರ್?

ತೀರ್ಥಹಳ್ಳಿ, ಹೊಸನಗರದ ಕಡೆ ಮನೆ ಕಾರ್ಯಕ್ರಮ ಒಪ್ಪಿಕೊಳ್ಳುವಾಗ ಮೊದಲು ಕೇಳಬೇಕಾದ್ದು ಗಾಡಿ ಎಲ್ಲಿಯವರೆಗೆ ಹೋಗುತ್ತದೆ ಅಂತ. ರಸ್ತೆಯಲ್ಲಿ ಇಳಿದು, ಉಣುಗೋಲು ಸರಿಸಿ, ತೋಟದ ನಡುವಿನ ಕಾಲುಸಂಕ ದಾಟಿ ಅಂಗಳ ಸೇರಬೇಕಾದ ಮನೆಗಳು ಈಗಲೂ ಬೇಕಾದಷ್ಟಿವೆ. ಶಿವಮೊಗ್ಗದ ಕಲ್ಯಾಣ ಮಂಟಪಗಳಲ್ಲೂ ಎಷ್ಟೋ ಕಡೆ ವೇದಿಕೆ ಇರುವುದು ಮೊದಲ ಮಹಡಿಯಲ್ಲಿ. ಸಾಮಾನು ಹೊತ್ತು ಬೆನ್ನು ಬಿಗಿದುಕೊಂಡ ಮೇಲೆ ನುಡಿಸಲು ಕೂತರೆ ಬೆರಳು ಮಾತು ಕೇಳುವುದಿಲ್ಲ. ಹಾಗಾಗಿ ಕೀಬೋರ್ಡ್ ಕೊಳ್ಳುವವರು ಟೋನ್ (ಬೇರೆ ಬೇರೆ ವಾದ್ಯಗಳ ಧ್ವನಿ) ಎಷ್ಟಿವೆ ಎಂದು ನೋಡುವಷ್ಟೇ ಗಮನವಿಟ್ಟು ತೂಕವನ್ನೂ ನೋಡಬೇಕು.

ತೂಕವನ್ನು ಕೀಬೋರ್ಡಿನಲ್ಲಿ ಧಾರಾಳವಾಗಿ ಇಳಿಸಬಹುದು. ಸ್ಪೀಕರಿನಲ್ಲಿ ಒಂದು ಹಂತದ ಕೆಳಗೆ ಇಳಿಸಬಾರದು. ಮನೆ, ಸಭಾಭವನ ಎರಡೂ ಕಡೆ ನುಡಿಸುವವರಿಗೆ ನಮ್ಮ ಆಯ್ಕೆ ಐದರಿಂದ ಏಳು ಕಿಲೋ ಒಳಗಿನ 61 ಕೀಲಿಯ ಕೀಬೋರ್ಡ್, ಜೊತೆಗೆ ಹತ್ತು ಕಿಲೋ ಆಸುಪಾಸಿನ ಹತ್ತು ಇಂಚಿನ ಪವರ್ಡ್ ಸ್ಪೀಕರ್, ಅಂದರೆ ಆಂಪ್ಲಿಫೈಯರ್ ಒಳಗೇ ಇರುವ ಸ್ಪೀಕರ್.

ಲೆಕ್ಕ ಹೀಗಿದೆ. ಯಮಹಾ ಪಿಎಸ್‌ಆರ್-ಎಸ್‌ಎಕ್ಸ್900 ತೂಕ 11.5 ಕಿಲೋ, ಜೆಬಿಎಲ್ ಇಯಾನ್615 ಸ್ಪೀಕರ್ 17.7 ಕಿಲೋ. ಎರಡೂ ಸೇರಿ 29 ಕಿಲೋ ಮೀರುತ್ತದೆ. ರೋಲ್ಯಾಂಡ್ ಜೂನೋ ಡಿಎಸ್61 ತೂಕ 5.3 ಕಿಲೋ, ಯಮಹಾ ಡಿಬಿಆರ್10 ಸ್ಪೀಕರ್ 10.5 ಕಿಲೋ. ಇವೆರಡೂ ಸೇರಿ 16 ಕಿಲೋ ಮುಟ್ಟುವುದಿಲ್ಲ. ಇದರ ಮೇಲೆ ಬ್ಯಾಗ್, ಎರಡು ಸ್ಟ್ಯಾಂಡ್, ಕೇಬಲ್, ಪೆಡಲ್, ಎಕ್ಸ್‌ಟೆನ್ಶನ್ ಬೋರ್ಡ್ ಎಂದು ಹತ್ತು ಕಿಲೋ ಬಂದೇ ಬರುತ್ತದೆ. ಇದನ್ನು ಲೆಕ್ಕಕ್ಕೆ ಹಿಡಿಯಲು ಬಹಳ ಜನ ಮರೆಯುತ್ತಾರೆ. ಆದರೂ ಕೀಬೋರ್ಡ್ ಬೆನ್ನಿಗೆ, ಸ್ಪೀಕರ್ ಒಂದು ಕೈಗೆ, ಸ್ಟ್ಯಾಂಡ್ ಚೀಲ ಇನ್ನೊಂದು ಕೈಗೆ ಹಿಡಿದು ಒಬ್ಬರೇ ಒಂದೇ ಸಲಕ್ಕೆ ಅಂಗಳ ಮುಟ್ಟಬಹುದು. ಮಳೆಗಾಲದಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಎರಡನೇ ಸಲಕ್ಕೆ ಬರುವಷ್ಟರಲ್ಲಿ ರಸ್ತೆ ಬದಿ ಬಿಟ್ಟ ಸಾಮಾನು ನೆನೆದಿರುತ್ತದೆ.

ಕೀಬೋರ್ಡ್ ಯಾವುದು ಎನ್ನುವುದು ನುಡಿಸುವ ಬಗೆಯ ಮೇಲೆ ನಿಂತಿದೆ. ರಿದಮ್‌ಗೆ ಬೇರೆಯವರಿಲ್ಲದೆ ಸ್ಟೈಲ್ (ಕೀಬೋರ್ಡ್ ತಾನೇ ನುಡಿಸುವ ತಾಳ, ಹಿಮ್ಮೇಳ) ಹಾಕಿಕೊಂಡು ಒಬ್ಬರೇ ಕಾರ್ಯಕ್ರಮ ನಡೆಸುವವರಿಗೆ ಅರೇಂಜರ್ ಕೀಬೋರ್ಡ್ ಬೇಕು. ಅಂಥವರಿಗೆ 7 ಕಿಲೋದ ಯಮಹಾ ಪಿಎಸ್‌ಆರ್-ಇ473 ಒಳ್ಳೆಯ ಆಯ್ಕೆ. ಎಡ ಬಲ ಎಂದು ಬೇರೆ ಬೇರೆ ಔಟ್‌ಪುಟ್ ಜಾಕ್ ಇದೆ, ಮೈಕ್ ಇನ್‌ಪುಟ್ ಇದೆ. ಎಸ್‌ಎಕ್ಸ್900ಕ್ಕೆ ಹೋಲಿಸಿದರೆ ಸ್ಟೈಲ್‌ಗಳ ಗುಣಮಟ್ಟ, ಪರದೆ, ಹಾಡಿನಿಂದ ಹಾಡಿಗೆ ಸೆಟ್ಟಿಂಗ್ ಬದಲಿಸುವ ಸಲೀಸು ಎಲ್ಲವೂ ಕಡಿಮೆ, ಅದು ನಿಜ. ನಾಲ್ಕೂವರೆ ಕಿಲೋ ಉಳಿತಾಯಕ್ಕೆ ಅದನ್ನು ಬಿಟ್ಟುಕೊಡಬಹುದೇ ಎಂದು ನಿಮ್ಮ ಹಾಡಿನ ಪಟ್ಟಿ ಮುಂದಿಟ್ಟುಕೊಂಡು ತೀರ್ಮಾನಿಸಿ. ಭಾವಗೀತೆ, ಭಕ್ತಿಗೀತೆಗೆ ತಂಬೂರಿ, ತಬಲಾ, ನಮ್ಮ ತಾಳದ ಸ್ಟೈಲ್‌ಗಳು ಸಿದ್ಧವಾಗಿಯೇ ಬೇಕೆನ್ನುವವರು ಯಮಹಾ ಪಿಎಸ್‌ಆರ್-ಐ500 ಅಥವಾ ಕ್ಯಾಸಿಯೋದ ಹೆಸರಿನ ಕೊನೆಗೆ 'ಐಎನ್' ಎಂದಿರುವ ಸಿಟಿ-ಎಕ್ಸ್ ಮಾದರಿಗಳನ್ನು ನೋಡಬಹುದು.

ರಸಮಂಜರಿ ತಂಡದಲ್ಲಿ ಪ್ಯಾಡ್, ತಬಲಾದವರ ಜೊತೆ ನುಡಿಸುವವರಿಗೆ ಸ್ಟೈಲ್ ಬೇಡ, ಟೋನ್ ಬೇಕು. ಕೊಳಲು, ವಯಲಿನ್, ಸಿತಾರ್, ಬ್ರಾಸ್ ತಟ್ಟನೆ ಬದಲಾಗಬೇಕು, ಸ್ವರ ಎಳೆಯುವ ಪಿಚ್ ಬೆಂಡ್ ಕೈಗೆ ಹಿತವಾಗಿರಬೇಕು. ಇಲ್ಲಿ ಜೂನೋ ಡಿಎಸ್61, ಅಥವಾ ಭಾರತೀಯ ಟೋನ್‌ಗಳಿರುವ ರೋಲ್ಯಾಂಡ್ ಎಕ್ಸ್‌ಪಿಎಸ್-30. ಕೈಯಲ್ಲಿ ಹಣವಿದ್ದರೆ 6.6 ಕಿಲೋದ ಯಮಹಾ ಮೋಡ್‌ಎಕ್ಸ್6. ಪಿಯಾನೋ, ಆರ್ಗನ್ ಹೆಚ್ಚು ನುಡಿಸುವ ಚರ್ಚ್ ಗಾಯನ ವೃಂದದವರಿಗೆ 5.6 ಕಿಲೋದ ಯಮಹಾ ಸಿಕೆ61 ನಮ್ಮ ಮೊದಲ ಆಯ್ಕೆ, ಅದರಲ್ಲಿ ಸ್ಪೀಕರ್ ಕೂಡ ಒಳಗೇ ಇದೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಕೋರ್ಗ್ ಕ್ರಾಸ್2-61 ಕಂಡರೆ ಬಿಡಬೇಡಿ. ಅದರ ತೂಕ 3.8 ಕಿಲೋ ಮಾತ್ರ. 88 ಕೀಲಿಯದು ಮನೆಯಲ್ಲಿರಲಿ. ಜೂನೋ ಡಿಎಸ್88 ತೂಗುವುದೇ 16 ಕಿಲೋ, ಸಣ್ಣ ಕಾರಿನ ಹಿಂದಿನ ಸೀಟಿನಲ್ಲಿ ಅಡ್ಡಕ್ಕೆ ಕೂರುವುದೂ ಇಲ್ಲ.

ಜೂನೋ ಡಿಎಸ್61, ಸಿಕೆ61 ಎರಡೂ ಎಂಟು ಎಎ ಸೆಲ್‌ನಲ್ಲಿ ಓಡುತ್ತವೆ, ಕ್ರಾಸ್2-61 ಆರರಲ್ಲಿ. ಕರೆಂಟ್ ಹೇಳದೆ ಕೇಳದೆ ಹೋಗುವ ನಮ್ಮ ಕಡೆ ಇದು ದೊಡ್ಡ ಅನುಕೂಲ. ರೀಚಾರ್ಜ್ ಆಗುವ ನಿಕಲ್ ಸೆಲ್ ಹಾಕಿ. ಎಂಟಕ್ಕೆ ಎಂಟೂ ಒಂದೇ ಕಂಪನಿಯವು, ಒಟ್ಟಿಗೇ ಕೊಂಡವು, ಒಟ್ಟಿಗೇ ಚಾರ್ಜ್ ಆದವು ಇರಬೇಕು. ಒಂದು ಸೆಲ್ ಸೋತರೆ ಉಳಿದ ಏಳರ ಶಕ್ತಿಯೂ ವ್ಯರ್ಥ. ಸೆಲ್ ಹಾಕಿ, ಅಡಾಪ್ಟರ್ ಚುಚ್ಚಿ ನುಡಿಸುತ್ತಾ ಅಡಾಪ್ಟರ್ ಎಳೆದು ನೋಡಿ. ಶಬ್ದ ನಿಲ್ಲದೆ ಮುಂದುವರಿಯುತ್ತದೋ, ಆಫ್ ಆಗಿ ಮತ್ತೆ ಆನ್ ಮಾಡಬೇಕೋ ಎನ್ನುವುದನ್ನು ಮನೆಯಲ್ಲೇ ತಿಳಿದುಕೊಂಡಿರಬೇಕು.

ಹಗುರ ಕೀಬೋರ್ಡಿಗೆ ಅದರದೇ ಆದ ತೊಂದರೆಗಳೂ ಇವೆ. ಐದು ಕಿಲೋದ ಪ್ಲಾಸ್ಟಿಕ್ ಮೈ ಎಕ್ಸ್ ಸ್ಟ್ಯಾಂಡ್ ಮೇಲೆ ಜಾರುತ್ತದೆ. ಪೆಡಲ್ ವೈರಿಗೆ ಯಾರದೋ ಕಾಲು ಸಿಕ್ಕಿದರೆ ಕೀಬೋರ್ಡೇ ಕೆಳಗೆ ಬರುತ್ತದೆ. ವೈರುಗಳನ್ನೆಲ್ಲ ಸ್ಟ್ಯಾಂಡಿನ ಕಾಲಿಗೆ ಒಂದು ಸುತ್ತು ಸುತ್ತಿ ನಂತರ ಜಾಕ್‌ಗೆ ಹಾಕಿ. ಸ್ಟ್ಯಾಂಡ್ ತೋಳಿನ ಮೇಲಿನ ರಬ್ಬರ್ ಸವೆದಿದ್ದರೆ ಹಳೆ ಸೈಕಲ್ ಟ್ಯೂಬ್ ಕತ್ತರಿಸಿ ಬಿಗಿಯಾಗಿ ಸುತ್ತಿದರೆ ಸಾಕು. ಅಡಾಪ್ಟರ್ ಪಿನ್ ಸಡಿಲಾದರೆ ಹಾಡಿನ ನಡುವೆ ಕೀಬೋರ್ಡ್ ಆಫ್ ಆಗುತ್ತದೆ, ಹಾಗಾಗಿ ಹಿಂಬದಿ ವೈರ್ ಸಿಕ್ಕಿಸುವ ಕೊಕ್ಕೆ ಇದ್ದರೆ ತಪ್ಪದೆ ಬಳಸಿ. ಇನ್ನೊಬ್ಬರ ಅಡಾಪ್ಟರ್ ಸಾಲ ತರುವ ಮುಂಚೆ ಅದರ ಮೇಲಿನ ಗುರುತು ಓದಿ. ರೋಲ್ಯಾಂಡಿನ ಪಿಎಸ್‌ಬಿ-1ಯು 9 ವೋಲ್ಟಿನದು, ಅದರ ಒಳಪಿನ್ ನೆಗೆಟಿವ್. ಯಮಹಾದ ಪಿಎ-150 12 ವೋಲ್ಟಿನದು, ಅದರ ಒಳಪಿನ್ ಪಾಸಿಟಿವ್. ಅದು ಇದಕ್ಕೆ ಚುಚ್ಚಿದರೆ ಬೋರ್ಡ್ ಸುಡಬಹುದು.

ಇನ್ನು ಸ್ಪೀಕರ್. ಹಳೆಯ ಪ್ಲೈವುಡ್ ಪೆಟ್ಟಿಗೆಗಳು ಅಷ್ಟು ಭಾರ ಇದ್ದದ್ದು ಮರದಿಂದ ಮಾತ್ರ ಅಲ್ಲ, ದೊಡ್ಡ ಫೆರೈಟ್ ಆಯಸ್ಕಾಂತದಿಂದ. ಜೊತೆಗಿರುತ್ತಿದ್ದ ಆಂಪ್ಲಿಫೈಯರಿನ ಒಳಗೆ ತಾಮ್ರದ ಟ್ರಾನ್ಸ್‌ಫಾರ್ಮರ್ ಬೇರೆ. ಈಗಿನವುಗಳಲ್ಲಿ ಕ್ಲಾಸ್-ಡಿ ಆಂಪ್ಲಿಫೈಯರ್, ಸ್ವಿಚಿಂಗ್ ಪವರ್ ಸಪ್ಲೈ, ಪ್ಲಾಸ್ಟಿಕ್ ಮೈ ಬಂದಿವೆ. ಕೆಲವುಗಳಲ್ಲಿ ಆಯಸ್ಕಾಂತವೂ ನಿಯೋಡಿಮಿಯಮ್‌ನದು. ಹಗುರ ಎಂದಾಕ್ಷಣ ಕಳಪೆ ಎನ್ನುವ ಅನುಮಾನ ಬಿಡಬಹುದು. ಆದರೆ ಡಬ್ಬದ ಮೇಲಿನ 'ಸಾವಿರ ವಾಟ್' ನೋಡಿ ಮೋಸಹೋಗಬೇಡಿ. ಅದು ಕ್ಷಣಕಾಲದ ಪೀಕ್ ಲೆಕ್ಕ. ವಾಟ್ ದುಪ್ಪಟ್ಟಾದರೂ ಶಬ್ದ ಏರುವುದು 3 ಡೆಸಿಬಲ್ ಮಾತ್ರ. ನೋಡಬೇಕಾದ ಅಂಕಿ ಗರಿಷ್ಠ ಡೆಸಿಬಲ್. ಬಯಲಿನಲ್ಲಿ ದೂರ ದುಪ್ಪಟ್ಟಾದಂತೆಲ್ಲ ಅದರಿಂದ 6 ಡೆಸಿಬಲ್ ಕಳೆಯುತ್ತಾ ಹೋಗಿ.

ಬ್ಯಾಟರಿಯಲ್ಲೂ ಓಡುವ ಬೋಸ್ ಎಸ್1 ಪ್ರೊ 7.1 ಕಿಲೋ, ಪೀಕ್ 109 ಡೆಸಿಬಲ್. ಅಂಥದೇ ಜೆಬಿಎಲ್ ಇಯಾನ್ ಒನ್ ಕಾಂಪ್ಯಾಕ್ಟ್ 8 ಕಿಲೋ, 112 ಡೆಸಿಬಲ್. ಯಮಹಾ ಡಿಬಿಆರ್10 129 ಡೆಸಿಬಲ್. ಎಲ್ಲವೂ ಒಂದು ಮೀಟರ್ ದೂರದ ಅಳತೆ. ಎಂಟು ಮೀಟರ್ ಆಚೆ, ಅಂದರೆ ಅಂಗಳದ ಚಪ್ಪರದ ಕೊನೆಯ ಸಾಲಿನ ಕುರ್ಚಿಗೆ, ಇವು ಸುಮಾರಾಗಿ 91, 94, 111 ಆಗುತ್ತವೆ. ಕಂಪನಿಯಿಂದ ಕಂಪನಿಗೆ ಅಳೆಯುವ ರೀತಿಯಲ್ಲಿ ವ್ಯತ್ಯಾಸವಿದೆ, ಆದರೂ ಇಷ್ಟು ದೊಡ್ಡ ಅಂತರ ಕಿವಿಗೆ ಸ್ಪಷ್ಟವಾಗಿಯೇ ಕೇಳುತ್ತದೆ. ಊಟದ ಪಂಕ್ತಿಯ ಗದ್ದಲ, ಮಕ್ಕಳ ಕೂಗಾಟದ ನಡುವೆ ಬ್ಯಾಟರಿ ಸ್ಪೀಕರ್ ಪೂರ್ತಿ ಏರಿಸಿದರೂ ಹಾಡು ತೆಳುವಾಗಿಯೇ ಕೇಳಿಸುತ್ತದೆ. ಶಬ್ದ ಮಿತಿ ಮೀರದಂತೆ ತಡೆಯುವ ಒಳಗಿನ ಲಿಮಿಟರ್ ಮೊದಲು ಒತ್ತಿಹಿಡಿಯುವುದು ಎಡಗೈಯ ಬೇಸನ್ನು. ಸಭಾಭವನದ ಶೀಟ್ ಮಾಡಿನ ಮೇಲೆ ಮಘೆ ಮಳೆ ಸುರಿಯತೊಡಗಿದರಂತೂ ಅದು ಅಲ್ಲಿಗೆ ಮುಗಿಯಿತು.

ಹಾಗೆಂದು ಬ್ಯಾಟರಿ ಸ್ಪೀಕರ್ ಬೇಡ ಎನ್ನುತ್ತಿಲ್ಲ. ಜಗಲಿ, ಪಡಸಾಲೆಯಲ್ಲಿ ಐವತ್ತು ಅರವತ್ತು ಜನರ ಮುಂದೆ ಸುಗಮ ಸಂಗೀತ, ಭಜನೆ, ಗೃಹಪ್ರವೇಶದ ಸಂಜೆ, ಹೋಮ್‌ಸ್ಟೇಗಳ ಕಾರ್ಯಕ್ರಮ ಇಂಥವುಗಳೇ ನಿಮ್ಮ ಹೆಚ್ಚಿನ ಕೆಲಸವಾಗಿದ್ದರೆ ಎಸ್1 ಪ್ರೊ ಅಥವಾ ಕಾಂಪ್ಯಾಕ್ಟ್ ಕೊಳ್ಳಿ. ಮೈಕ್ ಮತ್ತು ಕೀಬೋರ್ಡ್ ನೇರವಾಗಿ ಹಾಕಬಹುದು, ಬೇರೆ ಮಿಕ್ಸರ್ ಬೇಡ. ಎರಡರಲ್ಲಿ ನಮ್ಮ ಒಲವು ಕಾಂಪ್ಯಾಕ್ಟ್ ಕಡೆ, ಏಕೆಂದರೆ ಅದರ ಬ್ಯಾಟರಿಯನ್ನು ಬಳಸುವವರೇ ಕಳಚಿ ಬದಲಿಸಬಹುದು. ಕಂಪನಿ ಹೇಳುವ ಹನ್ನೊಂದು ಹನ್ನೆರಡು ಗಂಟೆ ಎಂಬುದು ಹದವಾದ ಶಬ್ದದಲ್ಲಿ. ಪೂರ್ತಿ ಏರಿಸಿದರೆ ಅಷ್ಟು ಬರುವುದಿಲ್ಲ. ಬ್ಲೂಟೂತನ್ನು ಟ್ರ್ಯಾಕ್ ಹಾಕಲು ಮಾತ್ರ ಬಳಸಿ. ಕೀಬೋರ್ಡನ್ನು ಬ್ಲೂಟೂತಿನಲ್ಲಿ ನುಡಿಸಿದರೆ ಬೆರಳು ಒತ್ತಿದ ಮೇಲೆ ಶಬ್ದ ತಡವಾಗಿ ಬರುತ್ತದೆ, ತಾಳ ನಿಲ್ಲುವುದಿಲ್ಲ.

ನೂರೈವತ್ತು ಇನ್ನೂರು ಜನರ ಆರತಕ್ಷತೆ, ಸಮುದಾಯ ಭವನಗಳಿಗೆ ಡಿಬಿಆರ್10. ಇದಕ್ಕೂ ಎರಡು ಚಾನೆಲ್ ಇದೆ, ಗಾಯಕರ ಮೈಕ್ ಒಂದಕ್ಕೆ, ಕೀಬೋರ್ಡ್ ಇನ್ನೊಂದಕ್ಕೆ. ಮುಂದೆ ಎರಡನೆಯದು ಕೊಂಡರೆ ಲಿಂಕ್ ಔಟ್‌ನಿಂದ ಜೋಡಿಸಬಹುದು. ಗಣಪತಿ ಪೆಂಡಾಲಿನ ರಸಮಂಜರಿಗೆ ಸೌಂಡ್ಸ್‌ನವರ ಸಿಸ್ಟಮ್ ಇದ್ದೇ ಇರುತ್ತದೆ. ಅಲ್ಲಿ ಇದನ್ನು ಅಡ್ಡ ಮಲಗಿಸಿ ಹಿಂಬದಿಯ ಡಿ-ಕಾಂಟೂರ್ ಸ್ವಿಚ್ಚನ್ನು ಮಾನಿಟರ್‌ಗೆ ತಿರುಗಿಸಿದರೆ ನಿಮ್ಮ ನುಡಿಕೆ ನಿಮಗೇ ಕೇಳಿಸುವ ಮಾನಿಟರ್ ಆಯಿತು. ಹನ್ನೆರಡು ಇಂಚಿನ ಡಿಬಿಆರ್12 ಚೆನ್ನಾಗಿಯೇ ಇದೆ, ಆದರೆ 15.8 ಕಿಲೋ. ಆ ಐದು ಕಿಲೋ ಹೆಚ್ಚಳಕ್ಕೆ ಸಿಗುವುದು ಕೆಳ ಬೇಸಿನ ಸ್ವಲ್ಪ ತುಂಬು. ಸ್ಟೈಲ್ ಹಾಕಿ ನುಡಿಸುವವರು, ಕಾರು ಅಂಗಳದವರೆಗೂ ಹೋಗುವವರು ಅದನ್ನು ಆರಿಸಬಹುದು. ಯಾವುದೇ ಇರಲಿ, ಸ್ಟ್ಯಾಂಡ್ ಮೇಲೇರಿಸಿ ಹಾರ್ನ್ (ತೀಕ್ಷ್ಣ ಶಬ್ದ ಹೊರಡಿಸುವ ಭಾಗ) ಕೂತವರ ತಲೆಗಿಂತ ಮೇಲೆ ಬರುವಂತೆ ಇಡಿ. ನೆಲದ ಮೇಲಿಟ್ಟ ಸ್ಪೀಕರಿನ ಸ್ಪಷ್ಟತೆಯೆಲ್ಲ ಮೊದಲ ಸಾಲಿನವರ ಮೈ ತಡೆದುಬಿಡುತ್ತದೆ.

'ಹೊಸ ಸ್ಪೀಕರ್ ಸರಿ ಇಲ್ಲ' ಎಂಬ ದೂರು ಬಂದರೆ ಮೊದಲು ನೋಡಬೇಕಾದ್ದು ವೈರ್. ಕಡಿಮೆ ಬೆಲೆಯ ಹಲವು ಕೀಬೋರ್ಡುಗಳಲ್ಲಿ ಬೇರೆ ಲೈನ್ ಔಟ್ ಇರುವುದಿಲ್ಲ, ಹೆಡ್‌ಫೋನ್ ಜಾಕೇ ಗತಿ. ಅದು ಸ್ಟೀರಿಯೋ. ಪಿನ್ ಮೇಲೆ ಎರಡು ಕಪ್ಪು ಗೆರೆಯಿರುವ ವೈರನ್ನು ಅಲ್ಲಿಂದ ನೇರ ಸ್ಪೀಕರಿನ ಬ್ಯಾಲೆನ್ಸ್ಡ್ ಇನ್‌ಪುಟ್‌ಗೆ ಹಾಕಿದರೆ, ಸ್ಪೀಕರ್ ಎಡದಿಂದ ಬಲವನ್ನು ಕಳೆದು ಉಳಿದದ್ದನ್ನು ಮಾತ್ರ ನುಡಿಸುತ್ತದೆ. ಎರಡರಲ್ಲೂ ಸಮನಾಗಿರುವ ಬೇಸ್, ಕಿಕ್, ನಡುವಿನ ಟೋನ್ ಮಾಯ. ರಿವರ್ಬ್ ಮಾತ್ರ ಡಬ್ಬದೊಳಗಿನ ಸದ್ದಿನ ಹಾಗೆ ಕೇಳುತ್ತದೆ. ಒಂದು ಸ್ಟೀರಿಯೋ ಪಿನ್ನಿನಿಂದ ಎರಡು ಮೋನೋ ಪಿನ್ ಒಡೆಯುವ ವೈ ಕೇಬಲ್ ತಂದು ಎರಡು ಚಾನೆಲ್‌ಗೆ ಹಾಕಿ, ಇಲ್ಲವೇ ಎಡದ ಪಿನ್ ಒಂದನ್ನೇ ಹಾಕಿ. ಬೇರೆ ಔಟ್‌ಪುಟ್ ಇರುವ ಕೀಬೋರ್ಡಿನಲ್ಲಿ ಒಂದೇ ಸ್ಪೀಕರ್ ಇದ್ದರೆ 'ಎಲ್/ಮೋನೋ' ಅಥವಾ 'ಎಲ್/ಎಲ್+ಆರ್' ಎಂದಿರುವ ಜಾಕ್ ಮಾತ್ರ ಬಳಸಿ. ಆಗಲೂ ಪಿಯಾನೋ ಸೊರಗಿದಂತೆ ಕೇಳಿದರೆ ಅದು ಸ್ಟೀರಿಯೋ ಸ್ಯಾಂಪಲ್‌ಗಳು ಒಂದಾಗುವಾಗ ಒಂದನ್ನೊಂದು ಅಳಿಸುವುದರಿಂದ. ಮೋನೋ ಪಿಯಾನೋ ಟೋನ್ ಹುಡುಕಿ ಹಾಕಿಕೊಳ್ಳಿ. ಕೀಬೋರ್ಡಿನ ವಾಲ್ಯೂಮ್ ಮುಕ್ಕಾಲು, ಸ್ಪೀಕರಿನ ಮೈಕ್/ಲೈನ್ ಸ್ವಿಚ್ ಲೈನ್ ಕಡೆ, ನಂತರ ಗೇನ್ ನಿಧಾನ ಏರಿಸಿ. ಕೆಂಪು ದೀಪ ಹತ್ತಿದರೆ ಇಳಿಸಿ.

ಕರೆಂಟಿನ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಗುಂಯ್ ಎನ್ನುವ ಹಮ್ ಬರುತ್ತದೆಂದು ಪ್ಲಗ್ಗಿನ ಅರ್ಥ್ ಪಿನ್ ಮುರಿಯಬೇಡಿ. ಒದ್ದೆ ಅಂಗಳದಲ್ಲಿ ಬರಿಗಾಲಿನಲ್ಲಿ ಮೈಕ್ ಹಿಡಿಯುವವರ ಜೀವದ ಪ್ರಶ್ನೆ ಅದು. ಗ್ರೌಂಡ್ ಲಿಫ್ಟ್ (ಸಿಗ್ನಲ್ ವೈರಿನ ಅರ್ಥ್ ಕೊಂಡಿಯನ್ನಷ್ಟೇ ಬಿಡಿಸುವ ಸ್ವಿಚ್) ಇರುವ ಡಿಐ ಬಾಕ್ಸ್ ಎಂಬ ಪುಟ್ಟ ಪೆಟ್ಟಿಗೆಯನ್ನು ಕೀಬೋರ್ಡಿಗೂ ಸ್ಪೀಕರಿಗೂ ನಡುವೆ ಹಾಕಿದರೆ ಹಮ್ ನಿಲ್ಲುತ್ತದೆ. ಸೀರಿಯಲ್ ಸೆಟ್, ಗ್ರೈಂಡರ್ ಓಡುವ ಬೋರ್ಡಿನಿಂದ ಲೈನ್ ತೆಗೆದುಕೊಳ್ಳಬೇಡಿ. ಕೊಳ್ಳುವಾಗ ಸ್ಪೀಕರಿನ ಹಿಂದೆ 100–240 ವೋಲ್ಟ್ ಎಂದಿದೆಯೋ 220–240 ಮಾತ್ರವೋ ಓದಿ. ವೋಲ್ಟೇಜ್ ಕುಸಿಯುವ ಹಳ್ಳಿಗಳಲ್ಲಿ ಮೊದಲನೆಯದು ಹಾಡು ನಿಲ್ಲಿಸುವುದಿಲ್ಲ.

ಮಳೆಗಾಲದ ಆರೈಕೆ ಚಿಕ್ಕದು, ಆದರೆ ಬಿಡುವಂತಿಲ್ಲ. ಮಳೆಯಲ್ಲಿ ಒದ್ದೆಯಾದ ಬ್ಯಾಗಿನಲ್ಲಿ ರಾತ್ರಿಯಿಡೀ ಕೀಬೋರ್ಡ್ ಬಿಟ್ಟರೆ ಕೀಲಿಯ ಕೆಳಗಿನ ಕಾಂಟ್ಯಾಕ್ಟ್‌ಗಳಿಗೆ ತೇವ ಹಿಡಿಯುತ್ತದೆ, ಒಂದೆರಡು ಕೀಲಿ ಸುಮ್ಮನಾಗುತ್ತವೆ ಅಥವಾ ಒಮ್ಮೆಲೇ ಕಿರುಚುತ್ತವೆ. ಮನೆ ತಲುಪಿದ ಕೂಡಲೇ ಹೊರತೆಗೆದು ಒರೆಸಿ, ಬ್ಯಾಗನ್ನು ಬೇರೆ ಒಣಗಿಸಿ, ಒಳಗೆ ನಾಲ್ಕೈದು ಸಿಲಿಕಾ ಜೆಲ್ ಪೊಟ್ಟಣ ಇಡಿ. ಕೆಲಸ ಇಲ್ಲದ ವಾರದಲ್ಲೂ ಒಮ್ಮೆ ಅರ್ಧ ಗಂಟೆ ಆನ್ ಮಾಡಿ ನುಡಿಸಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಅಂಗಡಿಯಲ್ಲಿ ಸಂಕೋಚಪಡದೆ 61 ಕೀಲಿಯನ್ನೂ ಒಂದೊಂದಾಗಿ ಮೆಲ್ಲಗೆ, ಮತ್ತೆ ಜೋರಾಗಿ ಒತ್ತಿ ನೋಡಿ. ಮೆಲ್ಲಗೆ ಒತ್ತಿದರೂ ಜೋರಾಗಿ ಬರುವ ಕೀಲಿಯ ಕಾಂಟ್ಯಾಕ್ಟ್ ಹಾಳಾಗಿದೆ. ಪಿಚ್ ಬೆಂಡ್ ಬಿಟ್ಟ ಮೇಲೆ ಶ್ರುತಿ ಸರಿಯಾಗಿ ಸ್ವಸ್ಥಾನಕ್ಕೆ ಬರಬೇಕು. ಸ್ಪೀಕರಿನಲ್ಲಿ ಮಂಜೀರ, ಗೆಜ್ಜೆಯಂಥ ಟೋನ್ ನುಡಿಸಿ; ಮಂಕಾಗಿ ಕೇಳಿದರೆ ಹಾರ್ನಿನ ಡಯಾಫ್ರಮ್ ಹೋಗಿದೆ. ಕೆಳಗಿನ ಸಪ್ತಕದ ಬೇಸ್ ಒತ್ತಿ ಹಿಡಿದಾಗ ಕರಕರ ಸದ್ದು ಬಂದರೆ ಕೋನಿನ ಕಾಯಿಲ್ ಉಜ್ಜುತ್ತಿದೆ. ಬ್ಯಾಟರಿ ಸ್ಪೀಕರ್ ಆದರೆ ಪೂರ್ತಿ ಚಾರ್ಜ್ ಮಾಡಿಸಿ, ಅಂಗಡಿಯಲ್ಲೇ ಎರಡು ಗಂಟೆ ಓಡಿಸಿ, ಅಷ್ಟರಲ್ಲಿ ಅರ್ಧಕ್ಕಿಂತ ಕೆಳಗಿಳಿದರೆ ಹೊಸ ಬ್ಯಾಟರಿಯ ಬೆಲೆಯನ್ನು ಮೊತ್ತದಲ್ಲಿ ಕಳೆದು ಮಾತಾಡಿ.