ಮ್ಯಾನೇಜ್ಡ್ ವಿಪಿಎಸ್: ಬೆಂಗಳೂರಿಂದು, ಮುಂಬೈದು, ಮಧ್ಯೆ ನಮ್ಮ ಮಳೆ

ನಾಪೋಕ್ಲು ಹತ್ರ ನಮ್ದೊಂದು ಹೋಂಸ್ಟೇ, ಅದಕ್ಕೊಂದು ಬುಕಿಂಗ್ ಸೈಟು, ಜೊತೆಗೆ ಚಿಕ್ಕಪ್ಪನ ಮಗನ ಕಾಫಿಪುಡಿ ಕಾಳುಮೆಣಸು ಮಾರೋ ಸೈಟು, ಎರಡೂ ವರ್ಡ್‌ಪ್ರೆಸ್ಸು (ಸೈಟು ಕಟ್ಟೋ ಸಾಫ್ಟ್‌ವೇರು), ಎರಡೂ ನನ್ನ ತಲೆ ಮೇಲೆ. 2023ರ ತನಕ ಅನ್‌ಮ್ಯಾನೇಜ್ಡ್ ವಿಪಿಎಸ್ (ದೊಡ್ಡ ಸರ್ವರಲ್ಲಿ ನಮಗೆ ಅಂತ ಬಾಡಿಗೆಗೆ ಸಿಗೋ ಒಂದು ಪಾಲು, ರಿಪೇರಿ ಎಲ್ಲ ನಮ್ದೇ) ಇಟ್ಕೊಂಡು ನಾನೇ ನೋಡ್ಕೋತಿದ್ದೆ, ತಿಂಗಳಿಗೆ ಸುಮಾರು 2,000 ಆಗ್ತಿತ್ತು ಅಷ್ಟೆ. ಆ ವರ್ಷ ಜುಲೈನಲ್ಲಿ ಒಂದಿನ 8 ಇಂಚು ಮಳೆ ಹೊಡೀತು, ಸಿಲ್ವರ್ ಓಕ್ ಲೈನ್ ಮೇಲೆ ಬಿದ್ದು ಮೂರು ದಿನ ಕರೆಂಟಿಲ್ಲ, ಟವರ್ ಬ್ಯಾಟರಿನೂ ಖಾಲಿ, ಆ ಹೊತ್ತಿಗೇ ಸೈಟಿನ ಡೇಟಾಬೇಸು ಮೈಎಸ್‌ಕ್ಯೂಎಲ್ ಮಲಗಿದೆ. ಸರ್ವರ್ ಇರೋ ಕಡೆ ಕರೆಂಟು ಚೆನ್ನಾಗೇ ಇದೆ, ಅದನ್ನ ಎಬ್ಬಿಸಬೇಕಾದ ನಾನು ಕತ್ತಲಲ್ಲಿ. ಜೀಪಲ್ಲಿ ಮಡಿಕೇರಿಗೆ ಹೋಗಿ ಒಂದೇ ಒಂದು ರೀಸ್ಟಾರ್ಟ್ ಕಮಾಂಡ್ ಹೊಡೆದು ಬಂದೆ. ಅವತ್ತೇ ಮ್ಯಾನೇಜ್ಡ್‌ಗೆ ಹೋಗೋದು ಅಂತ ತೀರ್ಮಾನ.

ಮ್ಯಾನೇಜ್ಡ್ ಅಂದ್ರೆ ಸರ್ವರನ್ನ ಕಂಪನಿಯವರೇ ನೋಡ್ಕೊಳ್ಳೋದು, ತೋಟಕ್ಕೆ ರೈಟರ್ (ಮೇಲ್ವಿಚಾರಕ) ಇಟ್ಟ ಹಾಗೆ ಅಂತ ಅಂದ್ಕೊಂಡಿದ್ದೆ. ಸರೀನೇ, ಆದ್ರೆ ರೈಟರಲ್ಲಿ ಎರಡು ಜಾತಿ ಉಂಟಲ್ಲ, ಬೇಲಿ ಬಿದ್ದಿದ್ದು ಕಂಡ್ರೆ ತಾನೇ ಕಟ್ಟಿಸಿ ಆಮೇಲೆ ಹೇಳೋನು ಒಬ್ಬ, ನೀವು ಹೇಳ್ಲಿಲ್ವಲ್ಲ ಅನ್ನೋನು ಇನ್ನೊಬ್ಬ. ನನಗೆ ಎರಡೂ ಸಿಕ್ತು. ಹೋಂಸ್ಟೇ ಸೈಟನ್ನ ಮುಂಬೈ ಡೇಟಾಸೆಂಟರ್ ಇರೋ ಒಂದು ಕಂಪನಿಗೆ, ಕಾಫಿ ಸೈಟನ್ನ ಬೆಂಗಳೂರು ಡೇಟಾಸೆಂಟರ್ ಇರೋ ಇನ್ನೊಂದಕ್ಕೆ ಹಾಕ್ದೆ. ಎರಡರಲ್ಲೂ 2 ಕೋರ್, 4 ಜಿಬಿ ರ‍್ಯಾಮ್. ತಿಂಗಳಿಗೆ ಬೆಂಗಳೂರಿಂದು 3,200, ಮುಂಬೈದು 4,500, ಎರಡಕ್ಕೂ ಮೇಲೆ ಜಿಎಸ್‌ಟಿ 18%. ಹತ್ರ ಇದ್ರೆ ಸ್ಪೀಡು ಅಂತಾರೆ, ನಮ್ಮ ಫೈಬರಲ್ಲಿ ಪಿಂಗ್ (ಸರ್ವರನ್ನ ಕೂಗಿದ್ರೆ ಓ ಅನ್ನೋಕೆ ಹಿಡಿಯೋ ಸಮಯ) ಸ್ವಲ್ಪ ವ್ಯತ್ಯಾಸ ಇತ್ತು ನಿಜ, ಆದ್ರೆ ಗೆಸ್ಟ್‌ಗೆ ಗೊತ್ತಾಗೋ ಅಷ್ಟಲ್ಲ, ನಾನು ಹಾಕಿದ್ದ 5 ಎಂಬಿ ಫೋಟೋಗಳೇ ಅದಕ್ಕಿಂತ ದೊಡ್ಡ ಪಾಪ.

ನಿಜವಾದ ಪರೀಕ್ಷೆ ದಸರಾ ರಜೆಗೆ. ಮಡಿಕೇರಿ ದಸರಾದ ದಶಮಂಟಪ ಮೆರವಣಿಗೆ ನೋಡೋಕೆ ಬರೋರೆಲ್ಲ ಒಂದೇ ಸಲ ರೂಮ್ ಹುಡುಕ್ತಾರೆ, ರ‍್ಯಾಮ್ ತುಂಬ್ತು, ಸರ್ವರ್ ನಡೆಸೋ ಲಿನಕ್ಸ್‌ದೊಂದು ಅಭ್ಯಾಸ ಏನಂದ್ರೆ ಮೆಮೊರಿ ಪೂರ್ತಿ ಮುಗಿದಾಗ ಜಾಸ್ತಿ ತಿಂತಿರೋ ಪ್ರೋಸೆಸ್ಸನ್ನ ಹಿಡಿದು ಕೊಂದುಬಿಡುತ್ತೆ, ಹೆಚ್ಚಾಗಿ ಬಲಿ ಆಗೋದು ಮೈಎಸ್‌ಕ್ಯೂಎಲ್ಲೇ. ಮುಂಬೈಯವರಿಗೆ ಅಲರ್ಟ್ ಹೋಗಿದೆ, ನಾನು ಎದ್ದು ನೋಡೋ ಹೊತ್ತಿಗೆ ಸರ್ವಿಸ್ ಮೇಲೆದ್ದಿತ್ತು, ಮೇಲ್ ಬಂದಿತ್ತು: ಪಿಎಚ್‌ಪಿ (ಸೈಟಿನ ಪುಟ ತಯಾರಿಸೋ ಪ್ರೋಗ್ರಾಂ) 50 ಪ್ರೋಸೆಸ್ ತನಕ ಹೋಗೋ ಹಾಗೆ ಬಿಟ್ಟಿದ್ದೀರಿ, ಒಂದೊಂದು 80 ಎಂಬಿ ತಿಂದ್ರೆ ಅಲ್ಲಿಗೇ 4 ಜಿಬಿ ಮುಗೀತು, ಡೇಟಾಬೇಸ್ ಎಲ್ಲಿರಬೇಕು, ಅದಕ್ಕೆ 20ಕ್ಕೆ ಇಳಿಸಿದ್ದೀವಿ ಅಂತ. ಇದೇ ತಪ್ಪನ್ನ ಎರಡು ವರ್ಷ ನಾನು ರೀಸ್ಟಾರ್ಟ್ ಮಾಡಿ ಮಾಡಿ ಮುಚ್ಚಿಟ್ಟಿದ್ದೆ ಅಂತ ಅವತ್ತು ಗೊತ್ತಾಯ್ತು, ನಾಚಿಕೆನೂ ಆಯ್ತು.

ಬೆಂಗಳೂರಿನವರ ಕಡೆ ಹಾಗಲ್ಲ. ಕಾಫಿ ಸೈಟು ಡೌನ್ ಆಗಿ ನಾಲ್ಕು ಗಂಟೆ ಆದ್ಮೇಲೆ ಗಿರಾಕಿ ಒಬ್ರು ವಾಟ್ಸಾಪ್ ಮಾಡಿದ್ರು, ಆಮೇಲೆ ನಾನು ಟಿಕೆಟ್ ಹಾಕ್ದೆ, ಹಾಕಿದ್ಮೇಲೆ ಹತ್ತೇ ನಿಮಿಷಕ್ಕೆ ಸರಿ ಮಾಡಿದ್ರು, ಅದನ್ನ ಹೇಳ್ಲೇಬೇಕು. ಮಾನಿಟರಿಂಗ್ ಇದೆ ಅಂದಿದ್ರಲ್ಲ ಅಂದ್ರೆ, ಸರ್ ಪಿಂಗ್ ಬರ್ತಿತ್ತು ಅಂದ್ರು. ಮೆಷಿನ್ ಉಸಿರಾಡ್ತಿದ್ಯಾ ಅಂತ ಮಾತ್ರ ನೋಡೋದು, ಅಂಗಡಿ ಬಾಗಿಲು ತೆಗೆದಿದ್ಯಾ ಅಂತ ನೋಡೋದಿಲ್ಲ! 99.9% ಅಪ್‌ಟೈಮ್ ಗ್ಯಾರಂಟಿನೂ ಅದೇ ಲೆಕ್ಕದಲ್ಲೇ ಅಂತೆ. ಆ 0.1 ಅಂದ್ರೆ ತಿಂಗಳಿಗೆ 43 ನಿಮಿಷ, ದಾಟಿದ್ರೂ ಸಿಗೋದು ಮುಂದಿನ ಬಿಲ್ಲಲ್ಲಿ ಸ್ವಲ್ಪ ಕಡಿತ, ಹೋದ ಆರ್ಡರ್ ಅಲ್ಲ.

ಇನ್ನೊಂದು ವಿಷ್ಯ ಯಾರೂ ಮೊದಲು ಕೇಳಲ್ಲ, ನಾನೂ ಕೇಳಿರ್ಲಿಲ್ಲ. ಬೆಂಗಳೂರಿನವರು ಕೊಟ್ಟಿದ್ದು ಸೆಂಟ್‌ಒಎಸ್ 7 ಅನ್ನೋ ಹಳೇ ಲಿನಕ್ಸು, ಅದರ ಆಯಸ್ಸು 2024 ಜೂನ್ 30ಕ್ಕೆ ಮುಗೀತು, ಆಮೇಲೆ ಪ್ಯಾಚ್ ಬರಲ್ಲ. ಅದರ ಬದಲಿಗಿರೋ ಆಲ್ಮಾಲಿನಕ್ಸ್‌ಗೆ ಹಾಕಿ ಅಂದ್ರೆ ಅದು ಮೈಗ್ರೇಷನ್, ಬೇರೆ ಚಾರ್ಜ್ ಅಂತ. ಆಮೇಲೆ ಕರಾರು ತೆಗೆದು ಓದಿದ್ರೆ ಅವರು ಬರೆದಿರೋದು ಬರೀ ಅಪ್‌ಡೇಟ್ (ಇರೋದಕ್ಕೆ ಪ್ಯಾಚು), ಅಪ್‌ಗ್ರೇಡ್ (ಹೊಸದಕ್ಕೆ ಹೋಗೋದು) ಅಲ್ಲ, ಸುಳ್ಳೇನೂ ಹೇಳಿಲ್ಲ ಮಾರಾಯ, ನಾನು ಓದಿಲ್ಲ ಅಷ್ಟೆ. ಪ್ಲಗಿನ್ ಕೆಟ್ರೆ ಇಬ್ರೂ ಕೈ ಎತ್ತುತ್ತಾರೆ, ಅವರ ಕೆಲಸ ಸರ್ವರ್ ತನಕ, ವರ್ಡ್‌ಪ್ರೆಸ್ ಒಳಗೆ ನಮ್ದೇ ಗೋಳು. ಮೇಲ್ ಅಂತೂ ಎರಡೂ ಕಡೆ ಇಡಬೇಡಿ, ಬೇರೆ ಮೇಲ್ ಸರ್ವಿಸ್ ತಗೊಳ್ಳಿ.

ಬ್ಯಾಕಪ್ ಬಗ್ಗೆ ಹೇಳ್ದೆ ಬಿಟ್ರೆ ಆಗಲ್ಲ. ಇಬ್ರೂ ದಿನಾ ಬ್ಯಾಕಪ್ ಅಂದಿದ್ರು, ಒಂದಿನ ಬೇಕಂತಲೇ ಇಬ್ರ ಹತ್ರನೂ ನಿನ್ನೆಯದ್ದು ರಿಸ್ಟೋರ್ ಮಾಡಿಕೊಡಿ ಅಂದೆ. ಮುಂಬೈಯವರು 40 ನಿಮಿಷ ತಗೊಂಡ್ರು, 7 ದಿನದ ಕಾಪಿ ಬೇರೆ ಜಾಗದಲ್ಲಿಟ್ಟಿದ್ರು. ಬೆಂಗಳೂರಿನವರದ್ದು ಸಿಕ್ಕಿತು, ಆದ್ರೆ ಇದ್ದಿದ್ದು ಅದೇ ಸರ್ವರ್‌ನ ಅದೇ ಡಿಸ್ಕಲ್ಲಿ, ಇನ್ನೊಂದು ಫೋಲ್ಡರಲ್ಲಿ. ಮನೆ ಬೀಗದ ಎರಡನೇ ಕೀನ ಮನೆಯೊಳಗೇ ಇಟ್ಟು ಬೀಗ ಹಾಕಿದಂಗೆ. ಅವತ್ತೇ ಕಾಫಿ ಸೈಟನ್ನೂ ಮುಂಬೈದಕ್ಕೆ ತಂದೆ, ಈಗ ಒಂದೇ ಸರ್ವರಲ್ಲಿ ಎರಡೂ, ರ‍್ಯಾಮ್ 8 ಜಿಬಿ ಮಾಡ್ಬೇಕಾಯ್ತು, ಬಿಲ್ ನೋಡಿ ಚಿಕ್ಕಪ್ಪನ ಮಗ ಒಂದು ವಾರ ಮುಖ ಗಂಟು ಹಾಕಿದ್ದ.

ಹಂಗಂತ ಅನ್‌ಮ್ಯಾನೇಜ್ಡ್ ಪೂರ್ತಿ ಬಿಟ್ಟಿಲ್ಲ, 1 ಜಿಬಿದೊಂದು ಸಣ್ಣದು ಇನ್ನೂ ಇಟ್ಕೊಂಡಿದ್ದೀನಿ. ತೋಟದ ರಿಜಿಸ್ಟರಲ್ಲಿ ಅಪ್ಪ ದಿನಾ ಬರೆಯೋ ಮಳೆ ಲೆಕ್ಕ ಅದರಲ್ಲಿ ಹಾಕ್ತೀನಿ. ಅದು ಬಿದ್ದೋದ್ರೆ ಮಾನಿಟರಿಂಗ್ ಏನೂ ಬೇಡ, ಅಪ್ಪನೇ ಅಂಗಳದಿಂದ ಕೂಗ್ತಾರೆ, ಏ, ನಿನ್ನೆ ಮಳೆ ಕಾಣ್ತಿಲ್ಲ ಕಣೋ ಅಂತ.