ಕಾಡುಪಾಪಕ್ಕೆ ಟಾರ್ಚು, ನೀರುನಾಯಿಗೆ ಮೂಗು

ಬಂಡೀಪುರದಲ್ಲಿ ಹುಲಿ ಎಷ್ಟಿವೆ ಅಂತ ಕೇಳಿದರೆ ಮೈಸೂರಿನ ಆಟೋದವರೂ ಒಂದು ಲೆಕ್ಕ ಹೇಳುತ್ತಾರೆ. ಮಂಡ್ಯದ ಕಡೆ ಕಾಡುಪಾಪ ಎಲ್ಲೆಲ್ಲಿದೆ ಅಂತ ಕೇಳಿ ನೋಡಿ. "ಅದ್ಯಾವ ಪಾಪ?" ಅನ್ನುತ್ತಾರೆ.

ರಾತ್ರಿ ಮರದ ಮೇಲೆ ಓಡಾಡುವ ಈ ಪುಟ್ಟ ಕಾಡುಪಾಪದಂಥ, ಯಾರೂ ಲೆಕ್ಕಕ್ಕಿಡದ ಪ್ರಾಣಿಗಳ ಜಾಡು ಹಿಡಿಯಲು ನಾನು ಮತ್ತು ನನ್ನ ಭಾವಮೈದ ಕಳೆದ ನವೆಂಬರ್‌ನಿಂದ ಏಪ್ರಿಲ್‌ವರೆಗೆ ನಾಲ್ಕು ದಾರಿ ಹಿಡಿದು ನೋಡಿದೆವು. ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಮುಂದೆ ಸುಳಿದರೆ ತಾನೇ ಫೋಟೋ ತೆಗೆಯುವ ಕ್ಯಾಮೆರಾ), ರಾತ್ರಿ ಟಾರ್ಚ್ ನಡಿಗೆ, ಹೊಳೆದಂಡೆಯಲ್ಲಿ ಹಿಕ್ಕೆ ಹುಡುಕುವುದು, ಕುರಿ ಮೇಯಿಸುವವರನ್ನು ಕೇಳುವುದು. ಮೇಲುಕೋಟೆ ಅಭಯಾರಣ್ಯದೊಳಗೆ ಹೋಗಲಿಲ್ಲ, ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಪರಿಚಯದವರ ತೋಟ, ಊರ ದಾರಿ, ಕಾವೇರಿ ದಂಡೆ, ಇಷ್ಟೇ ನಮ್ಮ ಕ್ಷೇತ್ರ. ಯಾವುದು ಜಾಸ್ತಿ ಪ್ರಾಣಿ ತೋರಿಸಿತು ಅನ್ನುವುದನ್ನು ನಾನು ಅಷ್ಟು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. "ಇಲ್ಲಿ ಇಲ್ಲ" ಅಂತ ಬರೆಯಬೇಕಾದಾಗ ಯಾವುದನ್ನು ನಂಬಬಹುದು? ನನಗೆ ಬೇಕಿದ್ದದ್ದು ಅದು.

ಕ್ಯಾಮೆರಾ ಮೇಲೆ ನನಗೆ ಭಾರಿ ಆಸೆ ಇತ್ತು. ಪಾಂಡವಪುರದ ಕಡೆಯ ಒಂದು ತೆಂಗಿನ ತೋಟದ ಬೇಲಿ ಮೂಲೆಯಲ್ಲಿ ಮೊಣಕಾಲೆತ್ತರಕ್ಕೆ ಕಟ್ಟಿದೆವು. ಮೊದಲ ವಾರ ಸಿಕ್ಕಿದ್ದು ತೋಟದ ನಾಯಿ, ತೋಟದ ಮಾಲೀಕರು, ಮತ್ತೆ ಅದೇ ನಾಯಿ. ಆಮೇಲೆ ಒಂದು ಗೇಣು ಎತ್ತರಕ್ಕೆ ಇಳಿಸಿದೆವು. ಆಗ ಪುನುಗು ಬೆಕ್ಕು ಬಂತು, ಮುಂಗುಸಿ ಬಂತು, ಒಂದು ರಾತ್ರಿ ಮುಳ್ಳುಹಂದಿಯ ಹಿಂಭಾಗ ಮಾತ್ರ ಬಂತು. ನೆಲದ ಮೇಲೆ ಓಡಾಡುವ ಸಣ್ಣ ಪ್ರಾಣಿಗೆ ಇದು ಚೆನ್ನಾಗಿದೆ, ನಾವು ಮಲಗಿದ್ದರೂ ಅದು ಎದ್ದಿರುತ್ತದೆ. ಆದರೆ ಸೆನ್ಸರ್ ಹಿಡಿಯುವುದು ಮೈಬಿಸಿ ಮತ್ತು ಅಲುಗಾಟವನ್ನು. ಏಪ್ರಿಲ್ ಮಧ್ಯಾಹ್ನ ನೆಲವೇ ಪ್ರಾಣಿಯ ಮೈಯಷ್ಟು ಕಾದಿರುತ್ತದೆ, ಆಗ ಅದಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಕಾದ ಹುಲ್ಲು ಗಾಳಿಗೆ ಆಡಿದರೆ ಮಾತ್ರ ಸುಮ್ನೆ ನೂರಾರು ಫೋಟೋ. ಇನ್ನು ಮರದ ಮೇಲೇ ಬದುಕುವ ಕಾಡುಪಾಪದ ವಿಷಯದಲ್ಲಿ ಈ ಕ್ಯಾಮೆರಾದ "ಇಲ್ಲ"ಕ್ಕೆ ಮೂರು ಕಾಸಿನ ಬೆಲೆಯೂ ಇಲ್ಲ.

ಕಾಡುಪಾಪಕ್ಕೆ ಟಾರ್ಚೇ ಬೇಕು, ಜೊತೆಗೆ ತಾಳ್ಮೆ. ಕಾಲು ಕಿಲೋ ತೂಕದ, ಬಾಲವಿಲ್ಲದ, ಕಡ್ಡಿಯಂಥ ಕೈಕಾಲಿನ ಪ್ರಾಣಿ ಇದು. ಹಾರುವುದಿಲ್ಲ, ಜಿಗಿಯುವುದಿಲ್ಲ, ಕೊಂಬೆಯಿಂದ ಕೊಂಬೆಗೆ ಹಿಡಿದು ಹಿಡಿದು ಸಾಗುತ್ತದೆ. ಹಾಗಾಗಿ ಕೊಂಬೆಗಳು ಒಂದಕ್ಕೊಂದು ತಾಗಿಕೊಂಡಿರುವ ಹೊಂಗೆ, ಹುಣಸೆ, ಜಾಲಿ ಸಾಲುಗಳನ್ನೇ ಆರಿಸಿಕೊಂಡೆವು. ತಲೆಗೆ ಕಟ್ಟುವ ಟಾರ್ಚಿಗೆ ಕೆಂಪು ಜಿಲೆಟಿನ್ ಕಾಗದ ಸುತ್ತಿದೆವು, ಬಿಳಿ ಬೆಳಕು ಆ ದೊಡ್ಡ ಕಣ್ಣುಗಳಿಗೆ ಹಿಂಸೆ. ಗಂಟೆಗೆ ಒಂದು ಕಿಲೋಮೀಟರ್, ಅದಕ್ಕಿಂತ ಬೇಗ ನಡೆದರೆ ತಪ್ಪಿಹೋಗುತ್ತದೆ.

ಮೊದಲ ಎರಡು ರಾತ್ರಿ ಜೇಡದ ಕಣ್ಣು ನೋಡಿ ಕುಣಿದಾಡಿದೆವು. ಮೂರನೇ ರಾತ್ರಿ ಒಂದು ಹುಣಸೆ ಮರದಲ್ಲಿ, ನನ್ನ ತಲೆಗಿಂತ ಎರಡಾಳು ಮೇಲೆ, ಎರಡು ಕೆಂಡ. ಪಕ್ಕಪಕ್ಕದಲ್ಲೇ, ನೇರ ನಮ್ಮತ್ತಲೇ. ಬೆಕ್ಕಾಗಿದ್ದರೆ ಅಷ್ಟು ಹೊತ್ತಿಗೆ ಸರಿದಿರುತ್ತಿತ್ತು. ಇದು ನೋಡುತ್ತಲೇ ಇತ್ತು. ಆಮೇಲೆ ಒಂದು ಕೆಂಡ ಆರಿತು, ಇನ್ನೊಂದು ಆರಿತು. ಮುಖ ತಿರುಗಿಸಿತ್ತು ಅಷ್ಟೇ. ಒಂದು ಕೈ ಮುಂದಿನ ಕೊಂಬೆಯನ್ನು ಮುಟ್ಟಿ, ಪರೀಕ್ಷೆ ಮಾಡಿ, ನಿಧಾನಕ್ಕೆ ಹಿಡಿಯಿತು. ನಮ್ಮಜ್ಜಿ ಬಸ್ಸು ಹತ್ತುವಾಗ ಕಂಬಿ ಹಿಡಿಯುತ್ತಿದ್ದದ್ದು ನೆನಪಾಯಿತು.

ಅದೇ ಸಾಲಿನಲ್ಲಿ ಒಟ್ಟು ಆರು ರಾತ್ರಿ ನಡೆದೆವು, ಕಂಡದ್ದು ಎರಡೇ ರಾತ್ರಿ. ಅಂದರೆ ಒಂದೇ ಸಲ ಹೋಗಿ ಬಂದವರು "ಇಲ್ಲ" ಅಂತ ಬರೆದುಬಿಡುವ ಸಾಧ್ಯತೆಯೇ ಜಾಸ್ತಿ, ಅಲ್ವಾ? ಅದಕ್ಕೆ ಖಾಲಿ ಕೈಯಲ್ಲಿ ಬಂದ ರಾತ್ರಿಯನ್ನೂ ಪುಸ್ತಕದಲ್ಲಿ ಬರೆದಿಡಬೇಕು. ಯಾವ ಊರು ಅಂತ ಮಾತ್ರ ಇಲ್ಲಿ ಹೇಳುವುದಿಲ್ಲ. ಮಾಟಮಂತ್ರಕ್ಕೆ ಇದನ್ನು ಹಿಡಿಯುವವರು ಇನ್ನೂ ಇದ್ದಾರೆ.

ನೀರುನಾಯಿಗೆ ಈ ಎರಡೂ ಬೇಕಿಲ್ಲ, ಮೂಗು ಸಾಕು. ಶ್ರೀರಂಗಪಟ್ಟಣದ ಹತ್ತಿರ ಹೊಳೆಯ ಬಂಡೆಗಳ ಮೇಲೆ ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಂದು ಹಿಕ್ಕೆ ಹಾಕುತ್ತವೆ. ಕಡ್ಡಿಯಿಂದ ಕೆದಕಿದರೆ ಮೀನಿನ ಹುರುಪೆ, ಸಣ್ಣ ಮುಳ್ಳು, ಏಡಿ ಚಿಪ್ಪಿನ ಚೂರು. ಪಕ್ಕದ ಮರಳಿನಲ್ಲಿ ಐದು ಬೆರಳಿನ ಹೆಜ್ಜೆ ಸಿಕ್ಕಿದರೆ ಅನುಮಾನವೇ ಇಲ್ಲ, ನಾಯಿಯದಕ್ಕೆ ನಾಲ್ಕೇ ಬೆರಳು ಮೂಡುತ್ತದೆ. ಖರ್ಚಿಲ್ಲ, ನಿದ್ದೆಗೆಡಬೇಕಿಲ್ಲ, ಒಂದು ಬೆಳಗ್ಗೆಯಲ್ಲಿ ಎರಡು ಕಿಲೋಮೀಟರ್ ದಂಡೆ ಮುಗಿಯುತ್ತದೆ. ಮೊಸಳೆ ಇರುವ ಹೊಳೆ, ನೀರಿನ ಅಂಚಿಗೆ ಹೋಗಿ ಕೂರಬೇಡಿ. ಕೆಆರ್‌ಎಸ್‌ನಿಂದ ನೀರು ಬಿಟ್ಟ ಮಾರನೇ ದಿನ ಹೋದರೆ ಎಲ್ಲ ತೊಳೆದುಹೋಗಿರುತ್ತದೆ. ನಾವು ಒಮ್ಮೆ ಹಾಗೇ ಹೋಗಿ "ಇಲ್ಲ" ಅಂತ ಬರೆದು, ಮೂರು ವಾರದ ನಂತರ ಹೊಡೆದುಹಾಕಬೇಕಾಯಿತು.

ಕೇಳಿ ತಿಳಿಯುವುದು ಎಲ್ಲಕ್ಕಿಂತ ಅಗ್ಗ. ಆದರೆ ಹೆಸರಿನಲ್ಲೇ ಎಡವುತ್ತೇವೆ. ಗುಳ್ಳೆನರಿಯೂ ನರಿ, ಬಯಲಿನ ಆ ಸಣ್ಣ ನರಿಯೂ ನರಿ. ಸಣ್ಣದರ ಬಾಲದ ತುದಿ ಎದ್ದು ಕಾಣುವಷ್ಟು ಕಪ್ಪು, ಅದೇ ಗುರುತು. ಮೇಲುಕೋಟೆ ದಾರಿಯಲ್ಲಿ ಕುರಿ ಕಾಯುತ್ತಿದ್ದ ಯಜಮಾನರೊಬ್ಬರನ್ನು ಬಾಲದ ತುದಿ ಯಾವ ಬಣ್ಣ ಅಂತ ಕೇಳಿದೆ. "ಏನ್ ಸಾ, ಕುರಿ ಎಣಸ್ಕೊಳ್ಳನಾ, ಅದರ ಬಾಲ ನೋಡ್ಕಂಡು ನಿಂತ್ಕಳನಾ?" ಅಂದರು. ಅದೇ ಯಜಮಾನರು ತೋಳದ ಬಗ್ಗೆ ಮಾತ್ರ ಯಾವ ತಿಂಗಳು, ಯಾವ ಹಳ್ಳದಿಂದ, ಎಷ್ಟು ಮರಿ ಹೊತ್ತೊಯ್ದವು ಅಂತ ಬಿಡಿಸಿ ಹೇಳಿದರು. ಮೇಲುಕೋಟೆಯನ್ನು 1974ರಲ್ಲಿ ಅಭಯಾರಣ್ಯ ಮಾಡಿದ್ದೇ ತೋಳಗಳಿಗಾಗಿ. ನಷ್ಟ ಮಾಡುವ ಪ್ರಾಣಿಯನ್ನು ಜನ ಮರೆಯುವುದಿಲ್ಲ, ಮಾಡದಿರುವುದನ್ನು ನೋಡುವುದೇ ಇಲ್ಲ.

ಈ ಸಲ ಮೊದಲು ಪ್ರಾಣಿಗಳ ಫೋಟೋ ತೋರಿಸಿ ಕೇಳಲು ಹಟ್ಟಿಗಳಿಗೆ ಹೋಗುತ್ತೇವೆ, ಆಮೇಲೆ ಟಾರ್ಚು. ಕ್ಯಾಮೆರಾ ಸದ್ಯಕ್ಕೆ ಭಾವಮೈದನ ಮನೆಯಲ್ಲಿದೆ. ಕೋಳಿಗೂಡಿಗೆ ಯಾವುದೋ ಬೆಕ್ಕು ಬರುತ್ತಿದೆಯಂತೆ, ಕಾಡಿನದೋ ಊರಿನದೋ ನೋಡಬೇಕಂತೆ.