3018 ಸಿಎನ್‌ಸಿ ಕಿಟ್: ಮರಕ್ಕೆ ಓಕೆ, ಯುಎಸ್‌ಬಿ ಕಾಟ ಮಾತ್ರ ಜಾಸ್ತಿ
ಎಸ್‌ಪಿ ರೋಡಿನ (ಬೆಂಗಳೂರು) ಅಂಗಡಿಯೊಂದರಲ್ಲಿ ತಗೊಂಡ ಕಿಟ್ ಇದು, ಕಂಪ್ಯೂಟರ್ ಹೇಳಿದಂತೆ ಕೆತ್ತುವ ಪುಟ್ಟ ಮೆಷಿನ್. ಹೆಸರಲ್ಲೇ ಕೆತ್ತುವ ಜಾಗದ ಅಳತೆ ಇದೆ: 30 ಸೆಂ.ಮೀ., 18 ಸೆಂ.ಮೀ. ಜೋಡಿಸುವುದು ಕಷ್ಟವಿಲ್ಲ, ಆದರೆ ಜೊತೆಗೆ ಕೊಟ್ಟ ಹಾಳೆಯ ಚಿತ್ರಗಳೆಲ್ಲ ಮಸಿ ಮಸಿ. ಮೊದಲು ಕೆತ್ತಿದ ವೃತ್ತ ಶುರುವಾದ ಜಾಗಕ್ಕೆ ಬಂದು ಸೇರಲೇ ಇಲ್ಲ. ನೋಡಿದರೆ ಮೋಟರಿಗೂ ಸ್ಕ್ರೂ ರಾಡಿಗೂ ನಡುವೆ ಎರಡನ್ನೂ ಜೋಡಿಸುವ ಕಪ್ಲಿಂಗಿನಲ್ಲಿ ಪುಟ್ಟ ಗ್ರಬ್ ಸ್ಕ್ರೂ (ತಲೆಯಿಲ್ಲದ ಸ್ಕ್ರೂ) ಸಡಿಲ, ಅಲೆನ್ ಕೀ ಹಾಕಿ ಬಿಗಿ ಮಾಡಿದೆ, ಸರಿಹೋಯಿತು.

ನಿಜವಾದ ತಲೆನೋವು ಯುಎಸ್‌ಬಿ. ಸ್ಪಿಂಡಲ್ (ಕೆತ್ತುವ ಬಿಟ್ ತಿರುಗಿಸುವ ಮೋಟರ್) ತಿರುಗಿದ ತಕ್ಷಣ ಕಂಪ್ಯೂಟರ್ ಜೊತೆಗಿನ ಕನೆಕ್ಷನ್ ಕಟ್! ಅಂಗಡಿಯವರು 'ಲ್ಯಾಪ್‌ಟಾಪ್ ಚೇಂಜ್ ಮಾಡಿ ಸಾರ್' ಅಂದರು, ಸುಮ್ನೆ. ಮೋಟರಿನ ಎಲೆಕ್ಟ್ರಿಕಲ್ ನಾಯ್ಸ್ ಅದು. ಫೆರೈಟ್ (ಆ ನಾಯ್ಸ್ ತಗ್ಗಿಸುವ ಗುಂಡು) ಇರುವ ಗಿಡ್ಡ ಕೇಬಲ್ ಹಾಕಿ, ಸ್ಪಿಂಡಲ್ ವೈರಿನಿಂದ ದೂರ ಇಟ್ಟ ಮೇಲೆ ಕಾಟ ನಿಂತಿತು.

ಮರ, ಅಕ್ರಿಲಿಕ್‌ಗೆ ಚೆನ್ನಾಗಿದೆ. ಅಲ್ಯೂಮಿನಿಯಂ ಕೆಲಸ ಜಾಸ್ತಿ ಇದ್ದರೆ ಬೇರೆ ಮೆಷಿನ್ ನೋಡಿ. ಅಪಾರ್ಟ್‌ಮೆಂಟಿನವರು ರಾತ್ರಿ ಓಡಿಸಬೇಡಿ, ಕೆಳಗಿನ ಮನೆಯವರು ಬೆಲ್ ಒತ್ತುತ್ತಾರೆ.